ಯಾರಿಗೋ ಗೊತ್ತಿತ್ತು



ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೋಗಿಬಂದ ಹುಡುಗರ ಕೀ ಚೈನನ್ನು ನೀವು ನೋಡಿರುತ್ತೀರಿ. ಗೇಣುದ್ದದ ಕೆಂಪು ಬಟ್ಟೆ, ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ‘ರಿಮೂವ್ ಬಿಫೋರ್ ಫ್ಲೈಟ್’ ಎಂಬ ಬರಹ. ಹಾರುವ ಮೊದಲು ತೆಗೆಯಿರಿ ಎಂಬ ಆ ಆಜ್ಞೆ ಈಗ ಬೆಂಗಳೂರಿನ ಬೈಕುಗಳಲ್ಲಿ ತೂಗಾಡುತ್ತಿದೆ. ವಿಮಾನದಲ್ಲಿ ಆ ಕೆಂಪು ಪಟ್ಟಿಗೆ ಗಂಭೀರವಾದ ಕೆಲಸವಿದೆ. ನಿಂತ ವಿಮಾನದ ಎಂಜಿನ್ನಿನ ಬಾಯಿಗೆ ಕಸಕಡ್ಡಿ ಹೋಗದಿರಲೆಂದು ಮುಚ್ಚಳ ಹಾಕುತ್ತಾರೆ. ಗಾಳಿಯ ವೇಗ ಅಳೆಯುವ ಕೊಳವೆಗೆ ಹುಳ ಗೂಡು ಕಟ್ಟದಿರಲೆಂದು ಕುಲಾವಿ ತೊಡಿಸುತ್ತಾರೆ. ಚಕ್ರದ ಕಾಲು ಮಡಚಿಕೊಳ್ಳದಂತೆ ಪಿನ್ನು ಸಿಕ್ಕಿಸುತ್ತಾರೆ. ಹೊರಡುವಾಗ ಇವನ್ನೆಲ್ಲ ಕೀಳಬೇಕು. ಮರೆಯಬಾರದೆಂದೇ ಪ್ರತಿಯೊಂದಕ್ಕೂ ಒಂದು ಕೆಂಪು ಬಾಲ.

ಆದರೂ ಮರೆಯುತ್ತಾರೆ. 2021ರ ನವೆಂಬರ್ 17ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಬ್ರಿಟನ್ನಿನ ವಿಮಾನವಾಹಕ ನೌಕೆ ಕ್ವೀನ್ ಎಲಿಜಬೆತ್ ಮೇಲಿಂದ ಒಂದು ಎಫ್-35ಬಿ ಯುದ್ಧವಿಮಾನ ಹೊರಟಿತು. ಓಡಿತು, ಆದರೆ ಬೇಕಾದಷ್ಟು ವೇಗ ಕೂಡಿಬರಲಿಲ್ಲ. ನೌಕೆಯ ತುದಿಯ ಏರಿನಿಂದ ಉರುಳಿ ಸಮುದ್ರಕ್ಕೆ ಬಿತ್ತು. ಕೊನೆಯ ಗಳಿಗೆಯಲ್ಲಿ ಪೈಲಟ್ ಆಸನ ಸಮೇತ ಹೊರಚಿಮ್ಮಿ ಬದುಕಿಕೊಂಡರು. ಎಡಗಡೆಯ ಗಾಳಿದಾರಿಯಲ್ಲಿ ಒಂದು ಮುಚ್ಚಳ ಹಾಗೆಯೇ ಉಳಿದುಬಿಟ್ಟಿತ್ತು ಎಂದು ತನಿಖೆ ಹೇಳಿತು. ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳದ ವಿಮಾನ, ಒಂದು ಮುಚ್ಚಳದಿಂದ ಸಮುದ್ರದ ತಳ ಸೇರಿತು.

ವಿಮಾನ ಬಿದ್ದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಎರಡೇ ಪ್ರಶ್ನೆ ಇರುತ್ತವೆ. ಪೈಲಟ್ಟಿನ ತಪ್ಪೋ, ಯಂತ್ರದ ದೋಷವೋ? ಈ ಎರಡರ ನಡುವೆ ಇನ್ನೊಬ್ಬನಿದ್ದಾನೆ. ಹ್ಯಾಂಗರಿನಲ್ಲಿ ಸ್ಪ್ಯಾನರ್ ಹಿಡಿದು, ವಿಮಾನದ ಹೊಟ್ಟೆಯೊಳಗೆ ತೂರಿಕೊಂಡು, ಕಣ್ಣಿಗೆ ಕಾಣದ ಬೋಲ್ಟನ್ನು ಬೆರಳಿನಿಂದ ತಡವಿ ಬಿಗಿಯುವವನು. ಯಂತ್ರದ ದೋಷ ಅನ್ನುವುದರ ಒಳಗೂ ಎಷ್ಟೋ ಸಲ ಇರುವುದು ಇವನ ಕೈಯೇ. ಇವತ್ತಿನ ಮಾತು ಅವನನ್ನು ಕುರಿತದ್ದು.

ಮೊದಲು ಒಂದು ಲೆಕ್ಕ. ಮನುಷ್ಯ ಯಾಕೆ ತಪ್ಪುತ್ತಾನೆ ಎಂಬುದನ್ನೇ ಜೀವನವಿಡೀ ಅಧ್ಯಯನ ಮಾಡಿದ ಇಂಗ್ಲೆಂಡಿನ ಮನೋವಿಜ್ಞಾನಿ ಜೇಮ್ಸ್ ರೀಸನ್ ಕೊಡುತ್ತಿದ್ದ ಉದಾಹರಣೆ ಇದು. ಒಂದು ಬೋಲ್ಟಿಗೆ ಎಂಟು ನಟ್ಟುಗಳನ್ನು ಸಾಲಾಗಿ ಹಾಕಿದೆ ಅನ್ನಿ, ಪ್ರತಿಯೊಂದಕ್ಕೂ ಅದರದೇ ಜಾಗವಿದೆ. ಅವನ್ನು ಬಿಚ್ಚಲು ಇರುವುದು ಒಂದೇ ದಾರಿ, ತುದಿಯದರಿಂದ ಒಂದೊಂದಾಗಿ. ಮರಳಿ ಹಾಕುವಾಗಲೋ? ಅವನ್ನು 40,320 ಕ್ರಮಗಳಲ್ಲಿ ಹಾಕಬಹುದು, ಅದರಲ್ಲಿ ಸರಿಯಾದದ್ದು ಒಂದು. ಬಿಚ್ಚುವ ಕೆಲಸ ತಾನೇ ದಾರಿ ತೋರಿಸುತ್ತದೆ, ಜೋಡಿಸುವ ಕೆಲಸ ತೋರಿಸುವುದಿಲ್ಲ. ದುರಸ್ತಿಯ ತಪ್ಪುಗಳು ಹೆಚ್ಚಾಗಿ ಮರುಜೋಡಣೆಯಲ್ಲೇ ಆಗುವುದು ಇದಕ್ಕೇ. ಅದೂ ರಾತ್ರಿ ಪಾಳಿಯಲ್ಲಿ, ಬಿಚ್ಚಿದವನು ಮನೆಗೆ ಹೋಗಿ ಬೇರೊಬ್ಬ ಜೋಡಿಸಲು ಕುಳಿತಾಗ.

ಮರ್ಫಿಯ ನಿಯಮ ಎಂದು ನಾವು ತಮಾಷೆಗೆ ಹೇಳುವ ಮಾತು ಹುಟ್ಟಿದ್ದೂ ಇಂಥದೇ ಒಂದು ಜೋಡಣೆಯ ತಪ್ಪಿನಿಂದ, ಅದೂ ಒಂದು ವಾಯುನೆಲೆಯಲ್ಲಿ. 1949ರಲ್ಲಿ ಕ್ಯಾಲಿಫೋರ್ನಿಯಾದ ಮ್ಯೂರಾಕ್ ನೆಲೆಯಲ್ಲಿ ಹಳಿಗಳ ಮೇಲೆ ರಾಕೆಟ್ ಬಂಡಿ ಓಡಿಸಿ, ದಿಢೀರನೆ ನಿಲ್ಲಿಸಿ, ಮನುಷ್ಯದೇಹ ಎಷ್ಟು ಆಘಾತ ತಡೆದೀತು ಎಂದು ಪರೀಕ್ಷಿಸುತ್ತಿದ್ದರು. ಆ ಬಂಡಿಯಲ್ಲಿ ತಾವೇ ಕೂರುತ್ತಿದ್ದ ವೈದ್ಯ ಜಾನ್ ಸ್ಟ್ಯಾಪ್. ಆಘಾತ ಅಳೆಯುವ ಸಂವೇದಕಗಳನ್ನು ತಂದುಕೊಟ್ಟವರು ಕ್ಯಾಪ್ಟನ್ ಎಡ್ವರ್ಡ್ ಮರ್ಫಿ. ಪರೀಕ್ಷೆ ಮುಗಿದು ನೋಡಿದರೆ ಅಳತೆ ಸೊನ್ನೆ. ಸಂವೇದಕಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು. ಮರ್ಫಿ ಏನೆಂದು ಗೊಣಗಿದರು ಎಂಬುದಕ್ಕೆ ಹಲವು ಪಾಠಗಳಿವೆ. ಸಾರ ಇಷ್ಟು: ತಪ್ಪಾಗಿ ಜೋಡಿಸಲು ದಾರಿಯಿದ್ದರೆ ಯಾರೋ ಒಬ್ಬರು ಹಾಗೇ ಜೋಡಿಸುತ್ತಾರೆ. ಇದನ್ನು ಜನ ಹಣೆಬರಹದ ಮಾತಾಗಿ ಹೇಳುತ್ತಾರೆ. ನನಗೆ ಇದು ವಿನ್ಯಾಸಕಾರನಿಗೆ ಕೊಟ್ಟ ಸೂಚನೆಯ ಹಾಗೆ ಕೇಳುತ್ತದೆ. ತಪ್ಪಾಗಿ ಕೂರದ ಹಾಗೆ ಮಾಡಪ್ಪಾ, ಅಷ್ಟೇ.

ಆ ಸೂಚನೆಯನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಗೆ ಹೋಗೋಣ. ಸ್ಪ್ಯಾಂಗ್‌ಡಾಲೆಮ್ ಅಮೆರಿಕದ ವಾಯುಪಡೆಯ ನೆಲೆ. 1995ರ ಮೇ 30ರಂದು ಅಲ್ಲಿಂದ ಒಂದು ಎಫ್-15 ಯುದ್ಧವಿಮಾನ ಏರಿತು. ಏರಿದ ಕೂಡಲೇ ಹತೋಟಿ ತಪ್ಪಿ ನೆಲಕ್ಕಪ್ಪಳಿಸಿತು. ಮೇಜರ್ ದರ್ಜೆಯ ಪೈಲಟ್ ಸತ್ತರು. ಪೈಲಟ್ಟಿನ ಕೈಯಲ್ಲಿರುವ ಕೋಲಿನ ಚಲನೆಯನ್ನು ರೆಕ್ಕೆ ಬಾಲಗಳಿಗೆ ಮುಟ್ಟಿಸುವ ಸರಳುಗಳಿರುತ್ತವೆ. ಒಂದು ಮೂತಿಯನ್ನು ಮೇಲೆ ಕೆಳಗೆ ಮಾಡಲು, ಇನ್ನೊಂದು ಎಡಕ್ಕೆ ಬಲಕ್ಕೆ ವಾಲಿಸಲು. ಹ್ಯಾಂಗರಿನಲ್ಲಿ ಇವೆರಡನ್ನೂ ಅದಲುಬದಲು ಮಾಡಿ ಸಿಕ್ಕಿಸಿದ್ದರು. ಕೋಲನ್ನು ಎಳೆದರೆ ಒಂದು ನಿರೀಕ್ಷೆ, ವಿಮಾನ ಮಾಡುವುದು ಇನ್ನೊಂದು. ಅಷ್ಟು ಕೆಳಗಿರುವಾಗ ಇದನ್ನು ಅರ್ಥಮಾಡಿಕೊಳ್ಳಲು ಯಾವ ಪೈಲಟ್ಟಿಗೂ ಸಮಯ ಸಿಗುವುದಿಲ್ಲ.

ಕೆಲಸ ಮಾಡಿದ ಇಬ್ಬರು ಮೆಕ್ಯಾನಿಕ್ಕುಗಳ ಮೇಲೆ ಕರ್ತವ್ಯಲೋಪದ, ಅಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪ ಹೊರಿಸಿ ಸೇನಾ ನ್ಯಾಯಾಲಯಕ್ಕೆ ಎಳೆದರು. ಎಳೆಯಬಾರದೇನು, ಒಬ್ಬ ಸತ್ತಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇನ್ನೊಂದು ವಿಷಯವೂ ಹೊರಬಂತು. ಅದೇ ಜಾತಿಯ ವಿಮಾನದಲ್ಲಿ, ಅದೇ ಎರಡು ಸರಳುಗಳು, 1986ರಲ್ಲಿ ಒಮ್ಮೆ, 1991ರಲ್ಲಿ ಮತ್ತೊಮ್ಮೆ, ಹೀಗೆಯೇ ಅದಲುಬದಲಾಗಿದ್ದವು. ಆಗ ಅನಾಹುತ ತಪ್ಪಿತ್ತು. ಈ ಸರಳುಗಳು ತಪ್ಪಾಗಿಯೂ ಸಲೀಸಾಗಿ ಕೂರುತ್ತವೆ ಎಂಬುದು ವಾಯುಪಡೆಗೆ ಒಂಬತ್ತು ವರ್ಷಗಳಿಂದ ಗೊತ್ತಿತ್ತು. ಆದರೂ ಜೋಡಣೆ ಹಾಗೆಯೇ ಉಳಿದಿತ್ತು. ಗೊತ್ತಿದ್ದವರು ಕಚೇರಿಯಲ್ಲಿದ್ದರು, ಕೆಲಸ ಮಾಡುವವರು ಹ್ಯಾಂಗರಿನಲ್ಲಿದ್ದರು. ವಿಚಾರಣೆ ಆರಂಭವಾಗುವ ಹೊತ್ತಿಗೆ, 1996ರ ಅಕ್ಟೋಬರಿನಲ್ಲಿ, ಇಬ್ಬರಲ್ಲೊಬ್ಬ ಮೆಕ್ಯಾನಿಕ್ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಒಂದು ಜೋಡಣೆಗೆ ಎರಡು ಜೀವ ಹೋಯಿತು.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕತೆಯಲ್ಲಿ, ಪುಣ್ಯಕ್ಕೆ, ಯಾರೂ ಸಾಯಲಿಲ್ಲ. ಹಾಗಾಗಿ ಅದನ್ನು ನಿಧಾನವಾಗಿ, ಸ್ವಲ್ಪ ಬೆರಗಿನಿಂದಲೇ ಹೇಳಬಹುದು. 2008ರ ಫೆಬ್ರವರಿ 23. ಬಿ-2 ಬಾಂಬರ್, ಹೆಸರು ‘ಸ್ಪಿರಿಟ್ ಆಫ್ ಕಾನ್ಸಾಸ್’. ಅಮೆರಿಕದ ಬಳಿ ಆಗ ಇದ್ದ ಬಿ-2ಗಳೇ 21. ದ್ವೀಪದ ಸರದಿ ಮುಗಿಸಿ ಮಿಸೌರಿಯ ತನ್ನ ನೆಲೆಗೆ ಮರಳಲು ಹೊರಟಿದ್ದ ವಿಮಾನ. ಬಿ-2ಕ್ಕೆ ಬಾಲವಿಲ್ಲ, ಬರೀ ರೆಕ್ಕೆ. ಅದನ್ನು ಗಾಳಿಯಲ್ಲಿ ಹದವಾಗಿ ನಿಲ್ಲಿಸುವುದು ಮನುಷ್ಯನ ಕೈಯಲ್ಲ, ಕಂಪ್ಯೂಟರು. ಕಂಪ್ಯೂಟರಿಗೆ ಗಾಳಿಯ ಒತ್ತಡದ ಸುದ್ದಿ ತಲುಪಿಸಲು ಮೈಮೇಲೆ 24 ಸಂವೇದಕಗಳು.

ಗುವಾಮಿನ ಹವೆ ನಮ್ಮ ಕರಾವಳಿಯ ಆಷಾಢದಂಥದು, ಎಲ್ಲೆಲ್ಲೂ ತೇವ. ಆ 24ರಲ್ಲಿ ಮೂರರೊಳಗೆ ನೀರಿನಂಶ ಸೇರಿತ್ತು. ಅಳತೆ ತಪ್ಪುತ್ತಿದೆ ಎಂದು ಕಂಡ ತಂತ್ರಜ್ಞರು ನಿಯಮದಂತೆ ಅವನ್ನು ಸರಿಹೊಂದಿಸಿದರು. ಯಾವ ಅಡ್ಡದಾರಿಯನ್ನೂ ಹಿಡಿಯಲಿಲ್ಲ. ಆದರೆ ಸರಿಹೊಂದಿಸಿದ್ದು ಒದ್ದೆಯಾಗಿದ್ದ ಸಂವೇದಕಗಳನ್ನು. ಆಮೇಲೆ ಹೊರಡುವ ಮುನ್ನ ಆ ಸಂವೇದಕಗಳ ಕೊಳವೆಗಳನ್ನು ಬಿಸಿಮಾಡುವ ವ್ಯವಸ್ಥೆ ಚಾಲೂ ಆಯಿತು, ನೀರು ಆವಿಯಾಯಿತು. ಈಗ ಸಂವೇದಕ ಒಣಗಿದೆ, ತಿದ್ದುಪಡಿ ಮಾತ್ರ ಒದ್ದೆಯ ಕಾಲದ್ದು. ಕಂಪ್ಯೂಟರಿಗೆ ಇಲ್ಲದ ವೇಗ ಇದೆಯೆಂದು ತೋರಿತು, ಮೂತಿ ಕೆಳಗಾಗಿದೆಯೆಂದು ತೋರಿತು. ಅದು ಮೂತಿಯನ್ನು 30 ಡಿಗ್ರಿಯಷ್ಟು ಮೇಲಕ್ಕೆತ್ತಿತು. ವಿಮಾನ ಗಾಳಿಯ ಆಸರೆ ಕಳೆದುಕೊಂಡು ಎಡರೆಕ್ಕೆಯನ್ನು ನೆಲಕ್ಕೆ ತಾಗಿಸಿ ಉರಿಯಿತು. ಇಬ್ಬರೂ ಪೈಲಟ್ಟುಗಳು ಹೊರಚಿಮ್ಮಿ ಉಳಿದರು. ನಷ್ಟ 140 ಕೋಟಿ ಡಾಲರ್.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತನಿಖಾ ವರದಿಯ ಒಂದು ಅಂಶ. ಎರಡು ವರ್ಷ ಹಿಂದೆ, 2006ರಲ್ಲಿ, ಇದೇ ದ್ವೀಪಕ್ಕೆ ಬಂದಿದ್ದ ತಂತ್ರಜ್ಞರಿಗೆ ಈ ತೇವದ ಕಾಟ ಎದುರಾಗಿತ್ತು. ಅವರು ಉಪಾಯವನ್ನೂ ಕಂಡುಕೊಂಡಿದ್ದರು: ಮೊದಲು ಕೊಳವೆ ಬಿಸಿಮಾಡು, ನೀರು ಒಣಗಲಿ, ಆಮೇಲೆ ಅಳತೆ ಸರಿಪಡಿಸು. ಕೆಲವರು ಹಾಗೇ ಮಾಡುತ್ತಿದ್ದರು. ಬಾಯಿಂದ ಬಾಯಿಗೆ ಕೆಲವರಿಗೆ ಹೋಯಿತು, ಕೆಲವರಿಗೆ ಹೋಗಲಿಲ್ಲ. ಕೈಪಿಡಿಗೆ ಮಾತ್ರ ಏರಲೇ ಇಲ್ಲ. 2008ರಲ್ಲಿ ಆ ವಿಮಾನದ ಮೇಲೆ ಕೆಲಸ ಮಾಡಿದವರಿಗೆ ಆ ಉಪಾಯ ತಲುಪಿರಲಿಲ್ಲ.

ಬ್ರಿಟನ್ನಿನ ರೆಡ್ ಆರೋಸ್ ಪ್ರದರ್ಶನ ತಂಡದ ದುರಂತವನ್ನೂ ಇದರ ಪಕ್ಕದಲ್ಲಿಡಬೇಕು. 2011ರ ನವೆಂಬರ್ 8ರಂದು ಸ್ಕ್ಯಾಂಪ್ಟನ್ ನೆಲೆಯಲ್ಲಿ, ವಿಮಾನ ಇನ್ನೂ ನೆಲದ ಮೇಲಿರುವಾಗಲೇ ಆಸನ ಚಿಮ್ಮಿ ಪೈಲಟ್ಟನ್ನು ಮೇಲಕ್ಕೆಸೆಯಿತು. ಪ್ಯಾರಾಚೂಟ್ ಬಿಚ್ಚಿಕೊಂಡಿದ್ದರೆ ಅವರು ಉಳಿಯುತ್ತಿದ್ದರು. ಅದನ್ನು ಹೊರಗೆಳೆಯಬೇಕಾದ ಕೊಂಡಿಯ ಬೋಲ್ಟನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದಿದ್ದರಿಂದ ಅದು ಕಚ್ಚಿಕೊಂಡಿತ್ತು. ಹೀಗಾಗಬಹುದು ಎಂಬುದು ಆಸನ ತಯಾರಿಸಿದ ಮಾರ್ಟಿನ್-ಬೇಕರ್ ಕಂಪನಿಗೆ ವರ್ಷಗಳ ಹಿಂದೆಯೇ ಗೊತ್ತಿತ್ತು. ಬೇರೆ ಕೆಲವು ದೇಶಗಳಿಗೆ ಎಚ್ಚರಿಕೆ ಹೋಗಿತ್ತು, ತನ್ನದೇ ದೇಶದ ವಾಯುಪಡೆಗೆ ಹೋಗಿರಲಿಲ್ಲ. ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 2018ರಲ್ಲಿ 11 ಲಕ್ಷ ಪೌಂಡ್ ದಂಡ ಬಿತ್ತು.

ಇಷ್ಟು ಹೊತ್ತಿಗೆ ನಾನು ಎತ್ತ ಹೊರಟಿದ್ದೇನೆಂದು ನಿಮಗೆ ತಿಳಿದಿರಬೇಕು. ಈ ಅಪಘಾತಗಳಲ್ಲಿ ಅಜ್ಞಾನ ಕಡಿಮೆ. ಎಲ್ಲೋ ಯಾರಿಗೋ ಗೊತ್ತಿರುತ್ತದೆ. ಆ ತಿಳಿವಳಿಕೆ, ಸ್ಪ್ಯಾನರ್ ಹಿಡಿದ ಕೈಗೆ ಆ ರಾತ್ರಿ ತಲುಪಿರುವುದಿಲ್ಲ. ತಪ್ಪಿನ ಬೇರನ್ನು ಆ ಕೈಯಲ್ಲಿ ಹುಡುಕುವುದು ಸುಲಭ, ತಲುಪಿಸದವರ ಮೇಜಿನ ಮೇಲೆ ಹುಡುಕುವುದು ಕಷ್ಟ.

ಹಾಗೆಂದು ಹ್ಯಾಂಗರಿನವರೆಲ್ಲ ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಶುದ್ಧ ಉಡಾಫೆಯೂ ಇರುತ್ತದೆ. ಇಂಡೊನೇಷ್ಯದ ನಿಯಾಸ್ ದ್ವೀಪದಲ್ಲಿ 2005ರ ಮಾರ್ಚ್ 28ರಂದು ದೊಡ್ಡ ಭೂಕಂಪವಾಯಿತು. ಪರಿಹಾರಕ್ಕೆ ಆಸ್ಟ್ರೇಲಿಯಾದ ನೌಕೆ ಕನಿಂಬ್ಲಾ ಹೋಯಿತು. ಏಪ್ರಿಲ್ 2ರಂದು ಅದರ ಸೀ ಕಿಂಗ್ ಹೆಲಿಕಾಪ್ಟರ್, ಕರೆಹೆಸರು ‘ಶಾರ್ಕ್ 02’, ಹಳ್ಳಿಯೊಂದರ ಮೈದಾನಕ್ಕೆ ಇಳಿಯಲು ಬಂದಾಗ ಮೂತಿ ಕೆಳಗಾಗಿ ಬಿದ್ದು ಹೊತ್ತಿಕೊಂಡಿತು. ಒಂಬತ್ತು ಜನ ಸತ್ತರು. ತಮ್ಮದೇ ಮನೆಗಳು ಬಿದ್ದುಹೋಗಿದ್ದ ಊರಿನವರು ಓಡಿಬಂದು ಇಬ್ಬರನ್ನು ಎಳೆದು ಉಳಿಸಿದರು.

ಕಾರಣ ಒಂದು ಸ್ಪ್ಲಿಟ್ ಪಿನ್ನು. ನಮ್ಮ ಎತ್ತಿನಗಾಡಿಯ ಅಚ್ಚಿನ ತುದಿಗೆ ಗಾಲಿ ಕಳಚದಿರಲೆಂದು ಹೊಡೆಯುವ ಕಡಾಣಿ ಇದೆಯಲ್ಲ, ಅದರ ಕೆಲಸವೇ ಇದರದೂ. ಬೋಲ್ಟಿಗೆ ನಟ್ಟು ಹಾಕಿ, ಅಡ್ಡರಂಧ್ರಕ್ಕೆ ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಬಾಗಿಸಿಬಿಟ್ಟರೆ ನಟ್ಟು ಎಷ್ಟು ಅದುರಿದರೂ ಬಿಚ್ಚದು. ಪೈಲಟ್ಟಿನ ಹತೋಟಿಯನ್ನು ಮೇಲಿನ ರೆಕ್ಕೆಗಳಿಗೆ ಒಯ್ಯುವ ಒಂದು ಸಂದಿಯಲ್ಲಿ ನಟ್ಟನ್ನೂ ಪಿನ್ನನ್ನೂ ಸರಿಯಾಗಿ ಕೂರಿಸಿರಲಿಲ್ಲ. ಆ ದುರಸ್ತಿ ನಡೆದದ್ದು ಸುಮಾರು ಎರಡು ತಿಂಗಳ ಹಿಂದೆ. ಅಲ್ಲಿಯವರೆಗೆ ಹೆಲಿಕಾಪ್ಟರ್ ಹಾರುತ್ತಲೇ ಇತ್ತು, ಪ್ರತಿ ಹಾರಾಟದಲ್ಲೂ ನಟ್ಟು ಒಂದಿಷ್ಟು ಸಡಿಲಾಗುತ್ತಿತ್ತು.

ಆಸ್ಟ್ರೇಲಿಯಾದ ತನಿಖಾ ಮಂಡಳಿ ಪಿನ್ನಿನ ಬಳಿಯೇ ನಿಲ್ಲಲಿಲ್ಲ, ಅದು ಅವರ ದೊಡ್ಡತನ. ಆ ಹೆಲಿಕಾಪ್ಟರ್ ಸೇರಿದ್ದ 817 ಸ್ಕ್ವಾಡ್ರನ್ನಿನಲ್ಲಿ ನಿರ್ವಹಣೆಯ ನಿಯಮಗಳನ್ನು ಗಾಳಿಗೆ ತೂರುವುದು ಬಹುಕಾಲದಿಂದ ಮಾಮೂಲಾಗಿತ್ತು ಎಂದು 2007ರ ವರದಿ ಬರೆಯಿತು. 256 ಶಿಫಾರಸುಗಳನ್ನು ಕೊಟ್ಟಿತು, ಸರ್ಕಾರ ಅವನ್ನು ಒಪ್ಪಿಕೊಂಡಿತು.

ಎರಡನೆಯ ಸಹಿಯ ಬಗ್ಗೆ ಇಲ್ಲಿ ಒಂದು ಮಾತು. ಹತೋಟಿಯ ಭಾಗಗಳನ್ನು ಮುಟ್ಟಿದ ಮೇಲೆ ಒಬ್ಬ ಮಾಡಿದ್ದನ್ನು ಇನ್ನೊಬ್ಬ ಸ್ವತಂತ್ರವಾಗಿ ನೋಡಿ ಸಹಿ ಹಾಕಬೇಕು ಎಂಬುದು ವಾಯುಪಡೆಗಳ ನಿಯಮ. ಮಾಡಿದವನು ನಮ್ಮವನೇ, ಹದಿನೈದು ವರ್ಷದ ಅನುಭವಿ. ಏಣಿ ಹತ್ತಿ, ಟಾರ್ಚು ಬಿಟ್ಟು, ಮುಚ್ಚಳ ತೆಗೆದು ನೋಡುವುದೆಂದರೆ ಅವನ ಮೇಲೆ ಅಪನಂಬಿಕೆ ತೋರಿಸಿದ ಹಾಗಲ್ಲವೇ? ಈ ದಾಕ್ಷಿಣ್ಯ ಯಾವ ದೇಶದ್ದಾದರೂ ಒಂದೇ. ಮೊದಲಿನವನು, ಹೇಗಿದ್ದರೂ ಎರಡನೆಯವನು ನೋಡುತ್ತಾನೆ ಅಂದುಕೊಳ್ಳುತ್ತಾನೆ. ಎರಡನೆಯವನು, ಮೊದಲಿನವನು ಸರಿಯಾಗಿಯೇ ಮಾಡಿರುತ್ತಾನೆ ಅಂದುಕೊಳ್ಳುತ್ತಾನೆ. ಕಾಗದದಲ್ಲಿ ನಾಲ್ಕು ಕಣ್ಣು, ಕೆಲಸದಲ್ಲಿ ಒಂದೂವರೆ.

ಮರೆತುಹೋದ ಸಾಮಾನುಗಳ ಪಟ್ಟಿ ದೊಡ್ಡದು, ಎರಡನ್ನು ಮಾತ್ರ ಹೇಳುತ್ತೇನೆ. 2009ರ ಮಾರ್ಚಿನಲ್ಲಿ ಕತಾರಿನ ನೆಲೆಯಿಂದ ಹೊರಟಿದ್ದ ಅಮೆರಿಕದ ಇ-8ಸಿ ಕಣ್ಗಾವಲು ವಿಮಾನ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಅದರ ಒಂದು ಟ್ಯಾಂಕು ಒತ್ತಡ ತಾಳದೆ ಒಡೆಯಿತು. ಗಾಳಿ ಹೋಗುವ ಕೊಳವೆಯಲ್ಲಿ ಡಿಪೋ ಗುತ್ತಿಗೆದಾರರು ಪರೀಕ್ಷೆಗೆಂದು ಹಾಕಿದ್ದ ಬಿರಡೆ ಉಳಿದಿತ್ತು. ವಿಮಾನ ಹೇಗೋ ಇಳಿಯಿತು. 2023ರ ಮಾರ್ಚಿನಲ್ಲಿ ಅರಿಜೋನಾದಲ್ಲಿ ಒಂದು ಎಫ್-35 ಎಂಜಿನ್ನು ಅಂಗೈಯಗಲದ ಟಾರ್ಚನ್ನು ನುಂಗಿ ಸುಮಾರು 40 ಲಕ್ಷ ಡಾಲರ್ ನಷ್ಟ ಮಾಡಿತು. ಹ್ಯಾಂಗರುಗಳಲ್ಲಿ ಪ್ರತಿ ಉಪಕರಣದ ಆಕಾರವನ್ನು ಹಲಗೆಯ ಮೇಲೆ ಬಿಡಿಸಿ, ಅದರದರ ನೆರಳಿನ ಮೇಲೆ ಅದನ್ನೇ ತೂಗುಹಾಕುವ ಪದ್ಧತಿಯಿದೆ. ಪಾಳಿ ಮುಗಿದಾಗ ಖಾಲಿ ನೆರಳು ಕಂಡರೆ ವಿಮಾನ ಹಾರಕೂಡದು. ಪದ್ಧತಿ ಒಳ್ಳೆಯದು, ಹಲಗೆಯ ಕಡೆ ನೋಡುವ ವ್ಯವಧಾನವಿದ್ದರೆ.

ಕೆಲವು ತಪ್ಪುಗಳು ವರ್ಷಗಟ್ಟಲೆ ಮಲಗಿರುತ್ತವೆ. 2017ರ ಜುಲೈ 10ರಂದು ಮಿಸಿಸಿಪ್ಪಿಯ ಹೊಲಗಳ ಮೇಲೆ ಅಮೆರಿಕದ ಮರೀನ್ ಸೈನಿಕರ ಕೆಸಿ-130ಟಿ ವಿಮಾನ ಆಕಾಶದಲ್ಲೇ ಒಡೆದು 16 ಜನ ಸತ್ತರು. ಎರಡನೆಯ ಎಂಜಿನ್ನಿನ ಒಂದು ಪ್ರೊಪೆಲರ್ ಅಲಗು ಕಿತ್ತುಬಂದು ವಿಮಾನದ ಮೈಯನ್ನು ಸೀಳಿತ್ತು. ಅಲಗಿನ ಬುಡದಲ್ಲಿ ತುಕ್ಕು. ಆ ಅಲಗು 2011ರಲ್ಲಿ ಜಾರ್ಜಿಯಾದ ವಾರ್ನರ್ ರಾಬಿನ್ಸ್ ಡಿಪೋದಲ್ಲಿ ಪೂರ್ತಿ ದುರಸ್ತಿಗೆ ಒಳಗಾಗಿತ್ತು. ತುಕ್ಕು ತೆಗೆಯದೆ ಮೇಲೆ ಬಳಿದು ಕಳಿಸಿದ್ದರು. ಆರು ವರ್ಷಗಳ ಬಳಿಕ ಯಾರು, ಯಾವ ಪಾಳಿಯಲ್ಲಿ ನೋಡಿದರು ಎಂದು ಕೇಳಿದರೆ ಉತ್ತರಿಸುವವರು ಯಾರು?

ಸೇನೆಯಲ್ಲಿ ಈ ಎಲ್ಲದರ ಮೇಲೆ ಇನ್ನೊಂದು ಭಾರವಿದೆ, ದರ್ಜೆಯದ್ದು. ಬೆಳಿಗ್ಗೆ ಆರಕ್ಕೆ ನಾಲ್ಕು ವಿಮಾನ ಸಿದ್ಧವಿರಬೇಕು ಎಂದು ಮೇಲಿನಿಂದ ಮಾತು ಬಂದರೆ, ಮೂರೇ ಆಗುತ್ತದೆ ಸಾರ್ ಎಂದು ಹೇಳುವ ಕಾರ್ಪೊರಲ್ ಅಪರೂಪ. ಆಗುತ್ತದೆ ಸಾರ್ ಅನ್ನುವುದೇ ಸೈನಿಕನ ಹೆಮ್ಮೆ. ಕೆನಡಾದ ಸಾರಿಗೆ ಇಲಾಖೆಯ ಗಾರ್ಡನ್ ಡುಪಾಂಟ್ 1993ರಲ್ಲಿ ದುರಸ್ತಿಯ ತಪ್ಪಿಗೆ ದಾರಿಮಾಡುವ ಹನ್ನೆರಡು ಕಾರಣಗಳ ಪಟ್ಟಿ ಮಾಡಿದರು. ದಣಿವು, ಒತ್ತಡ, ಗಮನಭಂಗ ಎಲ್ಲ ಅದರಲ್ಲಿವೆ. ಇಲ್ಲ ಎಂದು ಹೇಳುವ ಧೈರ್ಯದ ಕೊರತೆಯೂ ಅದರಲ್ಲಿದೆ. ಈ ಹನ್ನೆರಡರ ಭಿತ್ತಿಪತ್ರ ಈಗ ಜಗತ್ತಿನ ಎಷ್ಟೋ ಹ್ಯಾಂಗರುಗಳ ಗೋಡೆಯ ಮೇಲಿದೆ. ಗೋಡೆ ಓದುವವನು ಕೆಳಗಿನವನು. ಆ ಹನ್ನೆರಡರಲ್ಲಿ ಅರ್ಧವನ್ನು ಸರಿಪಡಿಸುವ ಅಧಿಕಾರ ಇರುವುದು ಮೇಲಿನವನಿಗೆ.

ಇದು ನಮ್ಮ ನಾಡಿಗೆ ದೂರದ ವಿಷಯವಲ್ಲ. ವಾಯುಪಡೆಯ ಎಂಜಿನಿಯರ್ ಅಧಿಕಾರಿಗಳು ತಯಾರಾಗುವುದು ಜಾಲಹಳ್ಳಿಯ ತಾಂತ್ರಿಕ ಕಾಲೇಜಿನಲ್ಲಿ. ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ನುಗಳ ತರಬೇತಿ ನಡೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ಡಿಪೋ ಆಗಿತ್ತು. ಆಗಿನಿಂದ ಇಂದಿನವರೆಗೆ ಈ ಊರಿನ ಎಷ್ಟೋ ಮನೆಗಳಲ್ಲಿ ವಿಮಾನ ದುರಸ್ತಿಯೇ ಅನ್ನದ ದಾರಿ. ನಮ್ಮ ಪೈಲಟ್ ವಿಮಾನ ಹತ್ತುವ ಮುನ್ನ ‘ಫಾರ್ಮ್ 700’ ಎಂಬ ದಾಖಲೆಗೆ ಸಹಿ ಹಾಕುತ್ತಾನೆ. ಕೆಳಗಿನ ತಂತ್ರಜ್ಞರ ಸಹಿಗಳನ್ನು ನಂಬಿ ಹಾಕುವ ಸಹಿ ಅದು.

2017ರಿಂದ 2022ರವರೆಗಿನ ಐದು ವರ್ಷಗಳಲ್ಲಿ ಭಾರತೀಯ ವಾಯುಪಡೆಯ 34 ಅಪಘಾತಗಳಾದವು ಎಂದು ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯೀ ಸಮಿತಿಯ ವರದಿಯಲ್ಲಿದೆ. ಪ್ರತಿ ಅಪಘಾತದ ಮುಂದೆ ಕಾರಣವನ್ನು ಒಂದೆರಡು ಪದಗಳಲ್ಲಿ ಬರೆದಿದ್ದಾರೆ: ಸಿಬ್ಬಂದಿಯ ತಪ್ಪು, ತಾಂತ್ರಿಕ ದೋಷ, ಹೀಗೆ. ಆ ಎರಡು ಪದಗಳ ಹಿಂದೆ ಯಾವ ಪಿನ್ನು, ಯಾವ ಪಾಳಿ, ಯಾವ ಓದದ ಸುತ್ತೋಲೆ ಇದೆ ಎಂಬುದು ಹೊರಬರುವುದಿಲ್ಲ. ನಮ್ಮಲ್ಲಿ ತನಿಖಾ ನ್ಯಾಯಾಲಯದ ವರದಿಗಳು ಸಾರ್ವಜನಿಕವಲ್ಲ.

ಅಮೆರಿಕದಲ್ಲಿ ಒಂದು ಜಾಣತನದ ಏರ್ಪಾಡಿದೆ. ಒಂದೇ ಅಪಘಾತಕ್ಕೆ ಎರಡು ತನಿಖೆ. ಸುರಕ್ಷತೆಗಾಗಿ ನಡೆಯುವುದು ಗೋಪ್ಯ. ಅಲ್ಲಿ ಮೆಕ್ಯಾನಿಕ್ ನಿಜ ಹೇಳಿದರೆ ಆ ಮಾತನ್ನು ಅವನನ್ನು ಶಿಕ್ಷಿಸಲು ಬಳಸುವಂತಿಲ್ಲ. ಇನ್ನೊಂದು ತನಿಖೆಯ ವರದಿ ಪ್ರಕಟವಾಗುತ್ತದೆ. ಗುವಾಮಿನ ಒದ್ದೆ ಸಂವೇದಕಗಳ ಕತೆಯನ್ನು ಬೆಂಗಳೂರಿನಲ್ಲಿ ಕೂತು ನಾನು ಓದಲು ಆದದ್ದು ಹಾಗೆ. ಬ್ರಿಟನ್ ಮುಚ್ಚಳದ ಕತೆಯನ್ನು ತಾನೇ ಪ್ರಕಟಿಸಿತು, ಆಸ್ಟ್ರೇಲಿಯಾ ಪಿನ್ನಿನದನ್ನು. ಇದರಿಂದ ಯಾವ ಸೇನೆಯ ರಹಸ್ಯವೂ ಬಯಲಾಗಲಿಲ್ಲ.

ನಮ್ಮ ರಕ್ಷಣಾ ಸಚಿವಾಲಯವೂ ಇಷ್ಟನ್ನು ಮಾಡಬಹುದು. ಹೆಸರು ಬೇಡ, ಸ್ಕ್ವಾಡ್ರನ್ ಬೇಡ, ಶಸ್ತ್ರಾಸ್ತ್ರಗಳ ವಿವರ ಬೇಡ. ಏನು ಕಳಚಿತು, ಯಾಕೆ ಕಳಚಿತು, ಯಾರಿಗೆ ಮೊದಲೇ ಗೊತ್ತಿತ್ತು ಎಂಬ ತಾಂತ್ರಿಕ ಭಾಗವನ್ನು ಪ್ರಕಟಿಸಲಿ. ಜಾಲಹಳ್ಳಿಯಲ್ಲಿ, ಸಾಂಬ್ರಾದಲ್ಲಿ ಓದುವ ಮಕ್ಕಳಿಗೆ ಅದು ಪಠ್ಯವಾಗಲಿ. ನಿಮ್ಮ ಸಂಸದರಿಗೆ ಪತ್ರ ಬರೆಯುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ರಸ್ತೆ ನೀರಿನ ಜೊತೆಗೆ ಈ ಒಂದು ಬೇಡಿಕೆಯನ್ನೂ ದಯವಿಟ್ಟು ಸೇರಿಸಿ.